ಮೊದಲ ನಾದಕ್ಕೆ ಮರಳಿದ ಡೆತ್ ಮೆಟಲ್ ತಂಡಗಳು

ಬೆಂಗಳೂರಿನ ಡೈಯಿಂಗ್ ಎಂಬ್ರೇಸ್ ತಂಡ ಕಟ್ಟಿಕೊಂಡದ್ದು 1991ರಲ್ಲಿ. ಭಾರತದಲ್ಲಿ ಡೆತ್ ಮೆಟಲ್ ನುಡಿಸಿದ ಮೊದಮೊದಲ ತಂಡಗಳಲ್ಲಿ ಅದೂ ಒಂದು. 1998ರಲ್ಲಿ ‘ಗ್ರೊಟೆಸ್ಕ್ ಎಂಟಿಟಿ’, 2001ರಲ್ಲಿ ‘ಸೆರೆನೇಡ್ಸ್ ಆಫ್ ಡಿಪ್ರ್ಯಾವಿಟಿ’ ಎಂಬ ಧ್ವನಿಮುದ್ರಿಕೆಗಳನ್ನು ಹೊರತಂದ ಮೇಲೆ ತಂಡ ಮೌನವಾಯಿತು. ಹತ್ತು ವರ್ಷ ಕಳೆದು, 2011ರಲ್ಲಿ, ಅದು ಮತ್ತೆ ವೇದಿಕೆ ಹತ್ತಿತು. ಅಷ್ಟರಲ್ಲಿ ಮೆಟಲ್ ಸಂಗೀತದ ರುಚಿ, ರೆಕಾರ್ಡಿಂಗ್ ತಂತ್ರ, ಕೇಳುವವರ ವಯಸ್ಸು ಎಲ್ಲವೂ ಬದಲಾಗಿದ್ದವು. ತಂಡ ಮಾತ್ರ ತನ್ನ ಹಳೆಯ ಮಂದಗತಿ, ಕೆಳಶ್ರುತಿಯ ಗಿಟಾರ್, ಗಂಟಲಾಳದ ಗುಡುಗನ್ನೇ ಹಿಡಿದು ಬಂತು.

ಹಿರಿಯ ಡೆತ್ ಮೆಟಲ್ ತಂಡಗಳು ಹೀಗೆ ತಮ್ಮ ಮೊದಲ ನಾದಕ್ಕೆ ಮರಳುವುದು ಕಳೆದ ಎರಡು ದಶಕಗಳಲ್ಲಿ ಜಗತ್ತಿನಾದ್ಯಂತ ಕಂಡಿರುವ ಸಂಗತಿ. ಫ್ಲಾರಿಡಾದ ಮಾರ್ಬಿಡ್ ಏಂಜೆಲ್, ಲಿವರ್‌ಪೂಲಿನ ಕಾರ್ಕಸ್, ಸ್ವೀಡನ್ನಿನ ಅಟ್ ದ ಗೇಟ್ಸ್, ಕ್ಯಾಲಿಫೋರ್ನಿಯಾದ ಪೊಸೆಸ್ಡ್ ಮತ್ತು ಆಟಾಪ್ಸಿ ಇದರ ಹೆಸರಾಂತ ಉದಾಹರಣೆಗಳು. ಒಂದೊಂದು ತಂಡ ಮರಳಿದ ದಾರಿಯೂ ಬೇರೆ, ಮರಳಿ ತಲುಪಿದ ಜಾಗವೂ ಬೇರೆ.

ಮೊದಲ ನಾದ ಎಂದರೆ ಯಾವುದು? ಡೆತ್ ಮೆಟಲ್ ಎಂಬ ಹೆಸರು ಪೊಸೆಸ್ಡ್ ತಂಡ 1984ರಲ್ಲಿ ಮಾಡಿದ ಡೆಮೊ ಕ್ಯಾಸೆಟ್ಟಿನ ಮೇಲಿತ್ತು. ಮರುವರ್ಷ ಆ ತಂಡದ ‘ಸೆವೆನ್ ಚರ್ಚಸ್’ ಬಂತು. 1987ರಲ್ಲಿ ಚಕ್ ಶುಲ್ಡಿನರ್ ಅವರ ಡೆತ್ ತಂಡ ‘ಸ್ಕ್ರೀಮ್ ಬ್ಲಡಿ ಗೋರ್’ ಹೊರತಂದಿತು. ಅದರಲ್ಲಿ ಡ್ರಮ್ ನುಡಿಸಿದ ಕ್ರಿಸ್ ರೈಫರ್ಟ್ ಮುಂದೆ ಆಟಾಪ್ಸಿ ಕಟ್ಟಿದರು. 1989ರಲ್ಲಿ ಮಾರ್ಬಿಡ್ ಏಂಜೆಲ್‌ನ ‘ಆಲ್ಟರ್ಸ್ ಆಫ್ ಮ್ಯಾಡ್‌ನೆಸ್’, 1990ರಲ್ಲಿ ಸ್ಟಾಕ್‌ಹೋಮಿನ ಎಂಟೂಂಬ್ಡ್ ತಂಡದ ‘ಲೆಫ್ಟ್ ಹ್ಯಾಂಡ್ ಪಾತ್’. ಆರೇಳು ವರ್ಷಗಳಲ್ಲಿ ಒಂದು ಪ್ರಕಾರ ಹುಟ್ಟಿ, ನಡಿಗೆ ಕಲಿತು, ಎರಡು ಮನೆತನಗಳಾಗಿ ಒಡೆದಿತ್ತು. ಫ್ಲಾರಿಡಾದ ಮನೆತನಕ್ಕೆ ಟ್ಯಾಂಪಾ ನಗರದ ಮಾರಿಸೌಂಡ್ ಸ್ಟುಡಿಯೊ ತವರು. ಅಲ್ಲಿ ಸ್ಕಾಟ್ ಬರ್ನ್ಸ್ ಕೈಯಲ್ಲಿ ತಯಾರಾದ ಆಲ್ಬಮ್‌ಗಳಲ್ಲಿ ಡ್ರಮ್ಮಿನ ಪ್ರತಿ ಹೊಡೆತ ಬಿಡಿಬಿಡಿಯಾಗಿ ಕೇಳುತ್ತದೆ, ಗಿಟಾರ್ ಒಣಗಿ ಹರಿತವಾಗಿರುತ್ತದೆ. ಸ್ಟಾಕ್‌ಹೋಮಿನ ಮನೆತನಕ್ಕೆ ತೋಮಸ್ ಸ್ಕೋಗ್ಸ್‌ಬರ್ಗ್ ಅವರ ಸನ್‌ಲೈಟ್ ಸ್ಟುಡಿಯೊ ತವರು. ಅಲ್ಲಿಯ ಗಿಟಾರ್ ಸದ್ದು ಮರದ ದಿಮ್ಮಿ ಸೀಳುವ ಗರಗಸದಂತಿರುತ್ತದೆ. ಬಾಸ್ ಕಂಪನಿಯ ಎಚ್‌ಎಂ–2 ಎಂಬ ಪುಟ್ಟ ಪೆಡಲ್ಲಿನ ಗುಂಡಿಗಳನ್ನೆಲ್ಲ ಕೊನೆಯ ತನಕ ತಿರುಗಿಸಿಟ್ಟಾಗ ಹುಟ್ಟಿದ ಸದ್ದು ಅದು.

ಈ ಎರಡು ಮನೆತನಗಳಿಗೂ ಸಾಮಾನ್ಯವಾದದ್ದು ಮೂರು: ತಂತಿ, ಗಂಟಲು, ಡ್ರಮ್. ಗಿಟಾರಿನ ತಂತಿಗಳನ್ನು ರೂಢಿಯ ಶ್ರುತಿಗಿಂತ ಸಡಿಲಿಸಿ ಕೆಳಗಿಳಿಸುತ್ತಾರೆ. ಹಾಡುಗಾರ ಧ್ವನಿತಂತುಗಳ ಮೇಲ್ಭಾಗದ ಮಡಿಕೆಗಳನ್ನು ಕಂಪಿಸುವಂತೆ ಮಾಡಿ ಗೊಗ್ಗರು ದನಿ ಹೊರಡಿಸುತ್ತಾನೆ. ನಾವು ಮಾತಾಡುವಾಗ ಈ ಮಡಿಕೆಗಳಿಗೆ ಕೆಲಸವಿರುವುದಿಲ್ಲ. ಡ್ರಮ್ ನುಡಿಸುವವನು ಎರಡೂ ಕಾಲು, ಎರಡೂ ಕೈ ಬಳಸಿ ಮಳೆಗಲ್ಲು ಸುರಿದಂತೆ ಬಾರಿಸುತ್ತಾನೆ. ಆ ಬಾರಿಸುವಿಕೆಗೆ ಬ್ಲಾಸ್ಟ್ ಬೀಟ್ ಎಂದು ಹೆಸರು.

ಅಥಣಿ, ರಾಯಬಾಗ, ಚಿಕ್ಕೋಡಿ ಸೀಮೆಯ ಓದುಗರಿಗೆ ಇದು ತೀರ ಪರಕೀಯ ಎನ್ನಿಸಬೇಕಾಗಿಲ್ಲ. ಈ ಭಾಗದ ಕರಡಿ ಮಜಲಿನಲ್ಲಿ ಸನಾದಿ, ತಾಳಗಳ ಜತೆಗಿರುವ ಕರಡಿ ವಾದ್ಯಕ್ಕೆ ಆ ಹೆಸರು ಬಂದದ್ದೇ ಅದರ ಗುರುಗುಟ್ಟುವ ದನಿಯಿಂದ ಎನ್ನುತ್ತಾರೆ. ಕೊಕಟನೂರ ಎಲ್ಲಮ್ಮನ ಜಾತ್ರೆಯಲ್ಲಿ ಚೌಡಿಕೆಯ ಒಂಟಿ ತಂತಿ ಬಿಗಿದು ಸಡಿಲಾದಂತೆ ಸ್ವರ ಏರಿ ಜಾರುವುದನ್ನು ಕೇಳಿದವರಿಗೆ, ಸಡಿಲ ತಂತಿಯೊಳಗೆ ಎಂಥ ಭಾರ ಅಡಗಿದೆ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಇವೆರಡಕ್ಕೂ ಡೆತ್ ಮೆಟಲ್‌ಗೂ ಯಾವ ನೆಂಟಸ್ತಿಕೆಯೂ ಇಲ್ಲ. ಆದರೆ ಇಂಪೊಂದೇ ಸಂಗೀತವಲ್ಲ, ಗುಡುಗಿಗೂ ಗುಟುರಿಗೂ ಅದರೊಳಗೆ ಜಾಗವಿದೆ ಎಂಬುದು ಕೃಷ್ಣೆಯ ದಂಡೆಯಲ್ಲಿ ಹಳೆಯ ತಿಳಿವಳಿಕೆ.

ತಂಡಗಳು ಈ ನಾದವನ್ನು ಬಿಟ್ಟು ದೂರ ಹೋದದ್ದು ಯಾಕೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಇಪ್ಪತ್ತರ ಹರೆಯದಲ್ಲಿ ಮಾಡಿದ್ದನ್ನೇ ಮೂವತ್ತರಲ್ಲೂ ಮಾಡಲು ಕಲಾವಿದನಿಗೆ ಮನಸ್ಸಿರುವುದಿಲ್ಲ. ಅದು ಸಹಜ, ಗೌರವಿಸಬೇಕಾದ್ದೂ ಹೌದು. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನಲ್ಲಿ 1988ರಲ್ಲಿ ಹುಟ್ಟಿದ ಪ್ಯಾರಡೈಸ್ ಲಾಸ್ಟ್ ‘ಲಾಸ್ಟ್ ಪ್ಯಾರಡೈಸ್’, ‘ಗಾಥಿಕ್’ ಆಲ್ಬಮ್‌ಗಳಲ್ಲಿ ಡೆತ್ ಮೆಟಲ್ಲಿಗೆ ಶೋಕದ ನಡೆಯನ್ನು ಕಲಿಸಿದ ತಂಡ. ಅದೇ ತಂಡ 1999ರ ‘ಹೋಸ್ಟ್’ ಹೊತ್ತಿಗೆ ಕೀಬೋರ್ಡು, ಯಂತ್ರಲಯ, ತಿಳಿದನಿಯ ಗಾಯನಕ್ಕೆ ಹೊರಳಿತ್ತು. ಕಾರ್ಕಸ್ 1993ರ ‘ಹಾರ್ಟ್‌ವರ್ಕ್’ನಲ್ಲಿ ಮಧುರ ಗಿಟಾರ್ ಎಳೆಗಳನ್ನು ಕಂಡುಕೊಂಡಿತು, 1996ರಲ್ಲಿ ‘ಸ್ವಾನ್‌ಸಾಂಗ್’ ಹೊರಬರುವಷ್ಟರಲ್ಲಿ ತಂಡವೇ ಉಳಿದಿರಲಿಲ್ಲ. ಅಟ್ ದ ಗೇಟ್ಸ್ 1995ರಲ್ಲಿ ‘ಸ್ಲಾಟರ್ ಆಫ್ ದ ಸೋಲ್’ ಎಂಬ ತನ್ನ ಅತ್ಯಂತ ಪ್ರಭಾವಿ ಕೃತಿಯನ್ನು ಕೊಟ್ಟು ಮರುವರ್ಷವೇ ಒಡೆದುಹೋಯಿತು. ಆಟಾಪ್ಸಿ ಕೂಡ 1995ರಲ್ಲಿ ನಿಂತಿತು. ಆ ದಶಕದ ಮಧ್ಯಭಾಗ ಈ ಸಂಗೀತಕ್ಕೆ ಕಷ್ಟದ ಕಾಲ.

ಸರಿಯಾಗಿ ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಡೈಯಿಂಗ್ ಎಂಬ್ರೇಸ್ ತನ್ನ ದನಿ ಹುಡುಕುತ್ತಿತ್ತು. ಗಾಯನ ವಿಕ್ರಮ್ ಭಟ್ ಅವರದು, ಗಿಟಾರ್ ಜಿಮ್ಮಿ ಪಾಲ್ಖಿವಾಲಾ ಅವರದು. ಇಂಟರ್ನೆಟ್ ಇನ್ನೂ ಮನೆಗಳಿಗೆ ಬಂದಿರದ ದಿನಗಳು. ವಿದೇಶದಿಂದ ಯಾರೋ ತಂದ ಒಂದು ಕ್ಯಾಸೆಟ್ ಹತ್ತು ಕೈ ದಾಟಿ, ಪ್ರತಿಯಿಂದ ಪ್ರತಿಯಾಗಿ, ಸದ್ದು ಮಸುಕಾಗುತ್ತ ಹರಡುತ್ತಿತ್ತು. ಅಲಹಾಬಾದಿನಿಂದ 1993ರಲ್ಲಿ ಹೊರಡತೊಡಗಿದ ‘ರಾಕ್ ಸ್ಟ್ರೀಟ್ ಜರ್ನಲ್’ ದೇಶದ ಮೂಲೆಮೂಲೆಯ ತಂಡಗಳಿಗೆ ಪರಸ್ಪರ ಸುದ್ದಿ ಮುಟ್ಟಿಸುವ ಪತ್ರಿಕೆಯಾಯಿತು. ಕಾಲೇಜು ಉತ್ಸವಗಳ ರಾಕ್ ಸ್ಪರ್ಧೆಗಳೇ ವೇದಿಕೆ. ಅಲ್ಲಿ ಸಾಮಾನ್ಯವಾಗಿ ಚಪ್ಪಾಳೆ ಸಿಗುತ್ತಿದ್ದದ್ದು ಪ್ರಸಿದ್ಧ ಇಂಗ್ಲಿಷ್ ಹಾಡುಗಳನ್ನು ಹಾಗೆಯೇ ನುಡಿಸಿ ತೋರಿಸಿದವರಿಗೆ. ತಮ್ಮದೇ ರಚನೆ, ಅದೂ ಆಮೆಯ ನಡೆಯಲ್ಲಿ ಸಾಗುವ, ಸಾವು ಮತ್ತು ಭೀತಿಯನ್ನು ಕುರಿತ ರಚನೆ ನುಡಿಸುತ್ತೇವೆಂದು ನಿಂತದ್ದು ಡೈಯಿಂಗ್ ಎಂಬ್ರೇಸಿನ ಧೈರ್ಯ.

ಆ ಧೈರ್ಯವನ್ನು ಸ್ವಲ್ಪ ವಿವರವಾಗಿ ನೋಡಬೇಕು. ತೊಂಬತ್ತರ ದಶಕದಲ್ಲಿ ಡೆತ್ ಮೆಟಲ್ ಎಂದರೆ ವೇಗ ಎಂಬ ಭಾವನೆ ಬಲವಾಗಿತ್ತು. ಡೈಯಿಂಗ್ ಎಂಬ್ರೇಸ್ ಆರಿಸಿಕೊಂಡದ್ದು ಡೂಮ್ (ಮಂದಗತಿಯ ಮೆಟಲ್) ಮತ್ತು ಡೆತ್ ಎರಡೂ ಸೇರಿದ ದಾರಿ. ಬ್ಲ್ಯಾಕ್ ಸಬ್ಬತ್ ತಂಡ ತೆರೆದಿಟ್ಟ ಭಾರದ ರಿಫ್ (ಮರುಕಳಿಸುವ ಗಿಟಾರ್ ಪಲುಕು), ಆಟಾಪ್ಸಿ ತೋರಿಸಿದ ಕೆಸರುಗಟ್ಟಿದ ಸದ್ದು, ಅದರ ಮೇಲೆ ಗೊಗ್ಗರು ಗಾಯನ. ಒಂದು ರಿಫ್ ಪೂರ್ತಿ ಅಡಗುವ ಮೊದಲೇ ಇನ್ನೊಂದಕ್ಕೆ ಹಾರುವ ಆತುರ ಈ ಸಂಗೀತಕ್ಕಿಲ್ಲ. ಪ್ರತಿ ಸ್ವರ ಸಾಯುವ ತನಕ ಕಾಯುತ್ತದೆ. ಹಾಗೆ ಕಾಯುವ ಸಂಗೀತಕ್ಕೆ ಒಳ್ಳೆಯ ಧ್ವನಿಮುದ್ರಣ ಬೇಕೇ ಬೇಕು, ಯಾಕೆಂದರೆ ಸ್ವರದ ಬಾಲದಲ್ಲೇ ಅದರ ಜೀವವಿರುತ್ತದೆ. ಈ ಬಗೆಯ ಸದ್ದನ್ನು ಕೇಳಿ ಬಲ್ಲ ಎಂಜಿನಿಯರುಗಳು ಆಗ ನಮ್ಮ ನಗರಗಳಲ್ಲಿ ಇರಲಿಲ್ಲ ಎಂದರೂ ನಡೆದೀತು. ಸ್ಕಾಟ್ ಬರ್ನ್ಸ್‌ಗೆ ಟ್ಯಾಂಪಾದಲ್ಲಿ, ಸ್ಕೋಗ್ಸ್‌ಬರ್ಗ್‌ಗೆ ಸ್ಟಾಕ್‌ಹೋಮಿನಲ್ಲಿ ಒಂದರ ಹಿಂದೊಂದರಂತೆ ಬಾಗಿಲು ತಟ್ಟುವ ತಂಡಗಳಿದ್ದವು. ಬೆಂಗಳೂರಿನಲ್ಲಿ ಆ ಬಾಗಿಲನ್ನೇ ಕಟ್ಟಬೇಕಿತ್ತು.

ಹೀಗಾಗಿ 2011ರ ಮರಳುವಿಕೆಗೆ ಬೆಂಗಳೂರಿನಲ್ಲಿ ಬೇರೆಯದೇ ಅರ್ಥವಿದೆ. ಯುರೋಪು, ಅಮೆರಿಕದ ತಂಡಗಳು ಒಮ್ಮೆ ತಮ್ಮನ್ನು ಮೆಚ್ಚಿದ್ದ ಕೇಳುಗರ ಬಳಿಗೆ ಹಿಂದಿರುಗಿದವು. ಡೈಯಿಂಗ್ ಎಂಬ್ರೇಸ್ ಹಿಂದಿರುಗಿದ್ದು ಮೊದಲ ಸಲ ನುಡಿಸಿದಾಗ ಇನ್ನೂ ಹುಟ್ಟಿಯೇ ಇರದ ಕೇಳುಗರ ಬಳಿಗೆ. ಆ ವರ್ಷ ಹಳೆಯ ಧ್ವನಿಮುದ್ರಣಗಳ ಸಂಕಲನ ‘ಎರಾ ಆಫ್ ಟ್ರಿಬ್ಯುಲೇಶನ್’ ಬಂತು. ಕ್ಯಾಸೆಟ್ ಕಾಲದ ಹಾಡುಗಳು ಹೊಸ ತಲೆಮಾರಿನ ಕೈಗೆ ಸಿಕ್ಕವು. ಮುಂದೆ ಕರಾಚಿಯ ಡಸ್ಕ್ ತಂಡದ ಜತೆ ಒಂದೇ ಮುದ್ರಿಕೆಯನ್ನು ಹಂಚಿಕೊಂಡದ್ದು ಉಪಖಂಡದ ಈ ಸಂಗೀತದ ಇತಿಹಾಸದಲ್ಲಿ ನೆನಪಿಡಬೇಕಾದ ಸಂಗತಿ. ತೊಂಬತ್ತರ ದಶಕದಲ್ಲಿ ಗಡಿಯ ಆ ಬದಿ, ಈ ಬದಿ ಒಂಟಿಯಾಗಿ ಅದೇ ನಿಧಾನಗತಿಯ ಸಂಗೀತವನ್ನು ಬೆನ್ನುಹತ್ತಿದ್ದ ಎರಡು ತಂಡಗಳು ಅವು.

ಕೇಳುಗರು ಹುಟ್ಟಿದ್ದು ಹೇಗೆ? ಅರಮನೆ ಮೈದಾನದ ಪಾತ್ರ ಇಲ್ಲಿ ದೊಡ್ಡದು. 2007ರ ಮಾರ್ಚ್ 17ರಂದು ಐರನ್ ಮೇಡನ್ ಅಲ್ಲಿ ನುಡಿಸಿತು. 2008ರಲ್ಲಿ ಮೆಗಾಡೆತ್, 2009ರಲ್ಲಿ ಸ್ವೀಡನ್ನಿನ ಅಮನ್ ಅಮಾರ್ಥ್, 2010ರಲ್ಲಿ ಲ್ಯಾಂಬ್ ಆಫ್ ಗಾಡ್ ಬಂದವು. ಡೈಯಿಂಗ್ ಎಂಬ್ರೇಸ್ ಮರಳಿದ 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಮರುವರ್ಷ ಬೆಂಗಳೂರ್ ಓಪನ್ ಏರ್ ಉತ್ಸವ ಆರಂಭವಾಗಿ ಜರ್ಮನಿಯ ಕ್ರಿಯೇಟರ್ ತಂಡ ಬಂತು. ಹುಬ್ಬಳ್ಳಿ, ಬೆಳಗಾವಿ, ಮಂಗಳೂರುಗಳಿಂದ ರಾತ್ರಿ ಬಸ್ಸು ಹಿಡಿದು, ಕಪ್ಪು ಅಂಗಿ ತೊಟ್ಟು ಬಂದಿಳಿಯುತ್ತಿದ್ದ ಹುಡುಗರು ಈ ಮೈದಾನದಲ್ಲಿ ಒಬ್ಬರನ್ನೊಬ್ಬರು ಮೊದಲ ಬಾರಿಗೆ ಕಂಡರು. ಅವರಲ್ಲಿ ಕೆಲವರು ಮನೆಗೆ ಹೋಗಿ ಗಿಟಾರ್ ಎತ್ತಿಕೊಂಡರು.

ಆ ತಲೆಮಾರಿನ ಒಂದು ತಂಡದ ವಿಚಾರ ಕನ್ನಡ ಓದುಗರಿಗೆ ವಿಶೇಷವಾಗಿ ಹೇಳಬೇಕಾದ್ದು. 2008ರಲ್ಲಿ ಬೆಂಗಳೂರಿನಲ್ಲಿ ಕಟ್ಟಿಕೊಂಡ ದ್ವೇಷ, ಕನ್ನಡದಲ್ಲಿ ಹಾಡುವ ಡೆತ್ ಮೆಟಲ್ ತಂಡ. ಅದರ ಪೂರ್ಣಪ್ರಮಾಣದ ಆಲ್ಬಮ್ ‘ಸ್ತೂಪ’ 2014ರಲ್ಲಿ ಹೊರಬಂತು. ಅದನ್ನು ತಂದದ್ದು ಜರ್ಮನಿಯ ಡುಂಕೆಲ್‌ಹೈಟ್ ಪ್ರೊಡುಕ್ಟ್‌ಸಿಯೋನೆನ್. ‘ಹೊಯ್! ಸಳ’, ‘ಉಗ್ರ ನರಸಿಂಹ’ ಎಂಬ ಹಾಡುಗಳ ಹೆಸರುಗಳೇ ಅವು ಎಲ್ಲಿಯ ಮಣ್ಣಿನವು ಎಂದು ಸಾರುತ್ತವೆ. ಹುಲಿಯೆದುರು ನಿಂತ ಸಳನ ಐತಿಹ್ಯವನ್ನು ಬೇಲೂರಿನ ಶಿಲ್ಪದಲ್ಲಿ ನೋಡಿದವರಿಗೆ, ಅದನ್ನು ಗೊಗ್ಗರು ದನಿಯಲ್ಲಿ ಕೇಳಿದಾಗ ಆ ಕಲ್ಲಿನ ಹುಲಿ ಬಾಯಿ ತೆರೆದಂತೆ ಭಾಸವಾದರೆ ಅಚ್ಚರಿಯಿಲ್ಲ. ದ್ವೇಷ ಹೊಸ ತಂಡವಾದರೂ ಅದು ಆರಿಸಿಕೊಂಡ ಸದ್ದು ಹೊಳಪು ಕೊಟ್ಟ ಹೊಸ ಕಾಲದ್ದಲ್ಲ. ಎಂಬತ್ತರ ಕೊನೆ, ತೊಂಬತ್ತರ ಆರಂಭದ ಒರಟು ಸದ್ದು. ಹಿರಿಯರು ಮರಳಿ ಹೋದ ಜಾಗದಿಂದಲೇ ಇವರು ಹೊರಟರು.

ಕನ್ನಡ ಈ ಗಾಯನಕ್ಕೆ ಒಗ್ಗುತ್ತದೆಯೇ ಎಂಬ ಅನುಮಾನ ಮೊದಲು ಕೇಳುವವರಿಗೆ ಬರುತ್ತದೆ. ಒಗ್ಗುತ್ತದೆ, ಮತ್ತು ಅದಕ್ಕೆ ಭಾಷೆಯೊಳಗೇ ಕಾರಣವಿದೆ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಇಂಗ್ಲಿಷಿನ ಎಷ್ಟೋ ಪದಗಳು ವ್ಯಂಜನಕ್ಕೆ ಬಡಿದು ನಿಲ್ಲುವುದರಿಂದ ಗಾಯಕನ ಗುಡುಗು ಅಲ್ಲಿಗೆ ಕತ್ತರಿಸಿಹೋಗುತ್ತದೆ. ‘ಯುದ್ಧ’, ‘ರಕ್ತ’, ‘ಉಗ್ರ’ದಂಥ ಪದಗಳಲ್ಲಿ ಒತ್ತಕ್ಷರ ಮೊದಲು ಪೆಟ್ಟು ಕೊಡುತ್ತದೆ, ಕೊನೆಯ ‘ಅ’ಕಾರ ಉಸಿರಿರುವ ತನಕ ಉರುಳುತ್ತದೆ. ಪೆಟ್ಟು ಮತ್ತು ಉರುಳು. ಡೆತ್ ಮೆಟಲ್ ಗಾಯಕನಿಗೆ ಇನ್ನೇನು ಬೇಕು?

ಜಗತ್ತಿನ ಉದಾಹರಣೆಗಳಲ್ಲಿ ಹೆಚ್ಚು ಚರ್ಚೆಗೆ ಬಂದದ್ದು ಮಾರ್ಬಿಡ್ ಏಂಜೆಲ್ ತಂಡದ್ದು. 1996ರಲ್ಲಿ ತಂಡ ಬಿಟ್ಟಿದ್ದ ಮೊದಲ ಕಾಲದ ಗಾಯಕ ಡೇವಿಡ್ ವಿನ್ಸೆಂಟ್ 2004ರಲ್ಲಿ ವಾಪಸಾದರು. ಹಳೆಯ ನಾದಕ್ಕಾಗಿ ಕಾದಿದ್ದ ಅಭಿಮಾನಿಗಳಿಗೆ 2011ರಲ್ಲಿ ಸಿಕ್ಕದ್ದು ‘ಇಲ್ಲುಡ್ ಡಿವಿನಂ ಇನ್ಸಾನಸ್’. ಅರ್ಧ ಡೆತ್ ಮೆಟಲ್, ಅರ್ಧ ನೃತ್ಯಶಾಲೆಯ ಯಂತ್ರಲಯ. ಆಕ್ಷೇಪದ ಅಲೆಯೇ ಎದ್ದಿತು. 2015ರಲ್ಲಿ ವಿನ್ಸೆಂಟ್ ಹೊರಬಿದ್ದು, ನಡುಗಾಲದ ಗಾಯಕ ಸ್ಟೀವ್ ಟಕರ್ ಮತ್ತೆ ಬಂದರು. 2017ರ ‘ಕಿಂಗ್‌ಡಮ್ಸ್ ಡಿಸ್‌ಡೇನ್ಡ್’ ಅನ್ನು ಧ್ವನಿಮುದ್ರಿಸಿದವರು ಒಂದು ಕಾಲಕ್ಕೆ ಅದೇ ತಂಡದ ಗಿಟಾರ್ ವಾದಕರಾಗಿದ್ದ ಎರಿಕ್ ರುಟಾನ್. ಕಾಡುಗತ್ತಲ ಆಲ್ಬಮ್ ಅದು, ತೆರಪೇ ಇಲ್ಲದ್ದು. ಇಲ್ಲೊಂದು ಸೂಕ್ಷ್ಮವಿದೆ. ಮೊದಲ ಕಾಲದ ಗಾಯಕನಿದ್ದಾಗ ತಂಡ ಮೊದಲ ನಾದದಿಂದ ಅತ್ಯಂತ ದೂರ ಹೋಯಿತು. ನಡುಗಾಲದ ಗಾಯಕ ಬಂದಾಗ ತನ್ನ ಸ್ವಭಾವಕ್ಕೆ ಮರಳಿತು. ಮರಳಿದ್ದೂ 1989ಕ್ಕಲ್ಲ. ಟಕರ್ ಹಾಡಿದ್ದ 1998ರಿಂದ 2003ರವರೆಗಿನ ಆಲ್ಬಮ್‌ಗಳ ದಟ್ಟಣೆಗೆ.

ಕಾರ್ಕಸ್‌ನ ಕತೆಯೂ ಇದನ್ನೇ ಹೇಳುತ್ತದೆ. 2007ರಿಂದಾಚೆ ಮತ್ತೆ ಒಂದಾದ ತಂಡ, ‘ಸ್ವಾನ್‌ಸಾಂಗ್’ ಬಂದು 17 ವರ್ಷಗಳಾದ ಮೇಲೆ, 2013ರಲ್ಲಿ ‘ಸರ್ಜಿಕಲ್ ಸ್ಟೀಲ್’ ಹೊರತಂದಿತು. ಅವರ ನಿಜವಾದ ಮೊದಲ ಆಲ್ಬಮ್ 1988ರ ‘ರೀಕ್ ಆಫ್ ಪ್ಯೂಟ್ರಿಫ್ಯಾಕ್ಷನ್’. ಸದ್ದೆಲ್ಲ ಕಲಸಿಹೋದ, ರಿಫ್‌ಗಳನ್ನು ಹುಡುಕಿ ಕೇಳಬೇಕಾದ ಕೃತಿ ಅದು. ‘ಸರ್ಜಿಕಲ್ ಸ್ಟೀಲ್’ ಅಲ್ಲಿಗೆ ಹೋಗಲಿಲ್ಲ. 1991ರ ‘ನೆಕ್ರೋಟಿಸಿಸಂ’ ಮತ್ತು 1993ರ ‘ಹಾರ್ಟ್‌ವರ್ಕ್’ ನಡುವಿನ ತಿರುವಿನಲ್ಲಿ ನಿಂತಿತು. ಧ್ವನಿಮುದ್ರಣಕ್ಕೆ ಹಳೆಯ ಒಡನಾಡಿ ಕಾಲಿನ್ ರಿಚರ್ಡ್‌ಸನ್ ಅವರನ್ನೇ ಕರೆದರು. ಮೂಲ ಡ್ರಮ್ ವಾದಕ ಕೆನ್ ಒವೆನ್ 1999ರಲ್ಲಿ ಮಿದುಳಿನ ರಕ್ತಸ್ರಾವಕ್ಕೆ ತುತ್ತಾಗಿ ಮೊದಲಿನಂತೆ ಬಾರಿಸಲಾಗದ ಸ್ಥಿತಿಯಲ್ಲಿದ್ದರು. ಅವರ ಜಾಗದಲ್ಲಿ ಬೇರೊಬ್ಬರು ಕುಳಿತರೂ ಒವೆನ್ ಹಿನ್ನೆಲೆಯ ದನಿಯಾಗಿ ಆ ಆಲ್ಬಮ್ಮಿನಲ್ಲಿದ್ದಾರೆ. ಹಳೆಯ ಸದ್ದು ಬೇಕು ಎಂದರೆ ಹಳೆಯ ಗೆಳೆಯನೂ ಬೇಕು ಎಂದು ತಂಡ ಅರಿತ ರೀತಿ ಹೃದಯ ತಟ್ಟುವಂಥದ್ದು.

ಪೊಸೆಸ್ಡ್ ತಂಡದ ಜೆಫ್ ಬೆಸೆರಾ ಅವರದು ಇನ್ನೂ ಕಠಿಣವಾದ ದಾರಿ. 1989ರಲ್ಲಿ ದರೋಡೆಕೋರರ ಗುಂಡು ತಗುಲಿ ಅವರ ದೇಹ ಎದೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡಿತು. 2007ರಲ್ಲಿ ಅವರು ಹೊಸ ಸಂಗಾತಿಗಳೊಂದಿಗೆ ತಂಡವನ್ನು ಎಬ್ಬಿಸಿದರು. 1986ರ ‘ಬಿಯಾಂಡ್ ದ ಗೇಟ್ಸ್’ ಆದ ಮೇಲಿನ ಪೂರ್ಣ ಆಲ್ಬಮ್ ‘ರೆವೆಲೇಶನ್ಸ್ ಆಫ್ ಒಬ್ಲಿವಿಯನ್’ ಬಂದದ್ದು 2019ರಲ್ಲಿ, 33 ವರ್ಷಗಳ ಬಳಿಕ. ಹೊಟ್ಟೆಯಾಳದಿಂದ ಉಸಿರು ತಳ್ಳಿ ಹಾಡಬೇಕಾದ ಈ ಪ್ರಕಾರವನ್ನು ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಹಾಡುತ್ತಾರೆ.

ಪ್ಯಾರಡೈಸ್ ಲಾಸ್ಟ್ 2015ರ ‘ದ ಪ್ಲೇಗ್ ವಿದಿನ್’ನಲ್ಲಿ ಗೊಗ್ಗರು ದನಿಯನ್ನು ಮತ್ತೆ ಅಪ್ಪಿಕೊಂಡಿತು; ಗಾಯಕ ನಿಕ್ ಹೋಮ್ಸ್ ಅದರ ಹಿಂದಿನ ವರ್ಷ ಬ್ಲಡ್‌ಬಾತ್ ಎಂಬ ಸ್ವೀಡಿಶ್ ತಂಡದಲ್ಲಿ ಆ ದನಿಯನ್ನು ಪಳಗಿಸಿಕೊಂಡಿದ್ದರು. ಆಟಾಪ್ಸಿ 2011ರಲ್ಲಿ ‘ಮಕಾಬರ್ ಇಟರ್ನಲ್’, ಅಟ್ ದ ಗೇಟ್ಸ್ 2014ರಲ್ಲಿ ‘ಅಟ್ ವಾರ್ ವಿತ್ ರಿಯಾಲಿಟಿ’ ಕೊಟ್ಟವು. 2008ರ ‘ವಾಟರ್‌ಶೆಡ್’ ನಂತರ ಗುಡುಗು ಗಾಯನ ಬಿಟ್ಟಿದ್ದ ಒಪೆತ್ ತಂಡ 2024ರ ‘ದ ಲಾಸ್ಟ್ ವಿಲ್ ಆ್ಯಂಡ್ ಟೆಸ್ಟಮೆಂಟ್’ನಲ್ಲಿ ಅದನ್ನು ವಾಪಸು ತಂದಿತು.

ಹಳೆಯ ಸದ್ದನ್ನು ಮತ್ತೆ ಕಟ್ಟುವುದು ಮನಸ್ಸು ಮಾಡಿದ ಮಾತ್ರಕ್ಕೆ ಆಗುವ ಕೆಲಸವಲ್ಲ. ಇಂದಿನ ಸ್ಟುಡಿಯೊದಲ್ಲಿ ಡ್ರಮ್ಮಿನ ಪ್ರತಿ ಪೆಟ್ಟನ್ನೂ ಕಂಪ್ಯೂಟರಿನಲ್ಲಿ ಸರಿಯಾದ ಗೆರೆಗೆ ತಂದು ಕೂರಿಸಬಹುದು; ಒಂದೇ ಅಚ್ಚುಕಟ್ಟಾದ ಪೆಟ್ಟಿನ ಮಾದರಿಯನ್ನು ಸಾವಿರ ಸಲ ಅಂಟಿಸಬಹುದು. ಹಾಗೆ ಮಾಡಿದ ಮರುಕ್ಷಣವೇ 1990ರ ಉಸಿರು ಹೊರಟುಹೋಗುತ್ತದೆ. ಆ ಕಾಲದ ಆಲ್ಬಮ್‌ಗಳಲ್ಲಿ ವೇಗ ಏರುವಾಗ ಡ್ರಮ್ ವಾದಕ ಕೂದಲೆಳೆಯಷ್ಟು ಮುಂದೋಡುತ್ತಾನೆ, ಸುಸ್ತಾದಾಗ ಅಷ್ಟೇ ಹಿಂದೆ ಬೀಳುತ್ತಾನೆ, ಗಿಟಾರ್ ಅವನನ್ನು ಹಿಂಬಾಲಿಸುತ್ತದೆ. ನಾಲ್ವರು ಒಂದು ಕೋಣೆಯಲ್ಲಿ ಮುಖ ನೋಡಿಕೊಂಡು ನುಡಿಸಿದ್ದರ ಗುರುತು ಅದು. ಹೀಗಾಗಿ ಮರಳಿದ ತಂಡಗಳಲ್ಲಿ ಬುದ್ಧಿವಂತರು ಮೊದಲು ಹುಡುಕುವುದು ಯಂತ್ರಕ್ಕಿಂತ ಹೆಚ್ಚಾಗಿ ಆ ಅಭ್ಯಾಸವನ್ನು. ಯಂತ್ರಗಳಿಗೂ ಬೇಡಿಕೆ ಇಲ್ಲದಿಲ್ಲ. ಎಂಬತ್ತರ ದಶಕದಲ್ಲಿ ಬಂದು ತೊಂಬತ್ತರ ಆರಂಭದಲ್ಲಿ ತಯಾರಿಕೆ ನಿಂತಿದ್ದ ಎಚ್‌ಎಂ–2 ಪೆಡಲ್ಲನ್ನು, ಸ್ಟಾಕ್‌ಹೋಮ್ ನಾದದ ಗೀಳು ಹತ್ತಿದವರಿಗಾಗಿ, ಬಾಸ್ ಕಂಪನಿ 2020ರ ದಶಕದಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು.

ದೇಹದ ಪ್ರಶ್ನೆ ಇದಕ್ಕಿಂತ ದೊಡ್ಡದು. ಇಪ್ಪತ್ತರಲ್ಲಿ ಬಾರಿಸಿದ ಬ್ಲಾಸ್ಟ್ ಬೀಟನ್ನು ಐವತ್ತರಲ್ಲಿ ಬಾರಿಸಲು ಕುಸ್ತಿಪಟುವಿನ ಶಿಸ್ತು ಬೇಕು. ಗಂಟಲಿನದು ಬೇರೆ ಕತೆ. ಸರಿಯಾದ ವಿಧಾನ ಗೊತ್ತಿಲ್ಲದೆ ಬರಿ ಕಿರುಚಿದವರ ದನಿ ಬೇಗ ಒಡೆಯುತ್ತದೆ. ಉಸಿರಿನ ಹಿಡಿತ ಕಲಿತವರ ದನಿ ವಯಸ್ಸಾದಂತೆ ತಗ್ಗಿಗಿಳಿದು ಇನ್ನಷ್ಟು ಗಡುಸಾಗುವುದುಂಟು. ಮಂದಗತಿಯ ಡೂಮ್–ಡೆತ್ ತಂಡಗಳಿಗೆ ಇದು ವರವೇ ಆಯಿತು. ಡೈಯಿಂಗ್ ಎಂಬ್ರೇಸ್‌ನಂಥ ತಂಡ ಹತ್ತು ವರ್ಷ ಬಿಟ್ಟು ಬಂದಾಗ ಅದರ ಸಂಗೀತ ಬೇಡಿದ್ದು ತೂಕವನ್ನು. ತೂಕ ವಯಸ್ಸಿನ ಜತೆ ತಾನಾಗಿ ಬರುತ್ತದೆ.

ಎಲ್ಲ ಮರಳುವಿಕೆಯನ್ನೂ ಒಂದೇ ತಕ್ಕಡಿಯಲ್ಲಿಡುವುದು ಸರಿಯಲ್ಲ. ಹಳೆಯ ಆಲ್ಬಮ್ಮೊಂದಕ್ಕೆ ಇಪ್ಪತ್ತೈದೋ ಮೂವತ್ತೋ ವರ್ಷ ತುಂಬಿತೆಂದು ಅದನ್ನು ಆದಿಯಿಂದ ಅಂತ್ಯದವರೆಗೆ ವೇದಿಕೆಯಲ್ಲಿ ನುಡಿಸುವುದು ಉತ್ಸವ. ಕೇಳಲು ಸಂತೋಷ, ಆದರೆ ಅಲ್ಲಿ ಹೊಸದೇನೂ ಹುಟ್ಟುವುದಿಲ್ಲ. ಹಳೆಯ ಸಾಧನಗಳಿಂದ ಹೊಸ ರಚನೆ ಮಾಡುವುದು ಕಷ್ಟದ ಕೆಲಸ. ಅಲ್ಲಿ ಹಿಂದಿನ ತನ್ನ ನೆರಳೊಡನೆಯೇ ಹೋಲಿಕೆಗೆ ನಿಲ್ಲಬೇಕು. ‘ಸರ್ಜಿಕಲ್ ಸ್ಟೀಲ್’, ‘ಕಿಂಗ್‌ಡಮ್ಸ್ ಡಿಸ್‌ಡೇನ್ಡ್’ ಗೆದ್ದದ್ದು ಈ ಎರಡನೆಯ ಕಣದಲ್ಲಿ.

ಬೆಂಗಳೂರಿನ ಕ್ರಿಪ್ಟೋಸ್ ಡೆತ್ ಮೆಟಲ್ ತಂಡವಲ್ಲವಾದರೂ ಇದೇ ಸೆಳೆತಕ್ಕೆ ಸಿಕ್ಕದ್ದು. 1998ರಲ್ಲಿ ಶುರುವಾಗಿ, 2004ರ ‘ಸ್ಪೈರಲ್ ಅಸೆಂಟ್’ನಲ್ಲಿ ಸಂಕೀರ್ಣ ರಚನೆಗಳನ್ನು ಹೆಣೆದ ಆ ತಂಡ ಕ್ರಮೇಣ ಸರಳವಾಗುತ್ತ, 2016ರ ‘ಬರ್ನ್ ಅಪ್ ದ ನೈಟ್’ ವೇಳೆಗೆ ಎಂಬತ್ತರ ದಶಕದ ಹೆವಿ ಮೆಟಲ್ಲಿನ ನೇರ ನಡೆಗೆ ಬಂದು ನಿಂತಿತು. ತಾನು ಹುಟ್ಟುವುದಕ್ಕೂ ಮೊದಲಿದ್ದ ನಾದಕ್ಕೆ ಒಂದು ತಂಡ ಮರಳಿದ ಬಗೆ ಇದು. 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದ ವೇದಿಕೆಯನ್ನೂ ಅದು ಹತ್ತಿತು. ಕನ್ನಡದ ‘ಬೇವರ್ಸಿ’ ಪದವನ್ನೇ ಹೆಸರಿನಲ್ಲಿ ಅಡಗಿಸಿಕೊಂಡ ಬೇವರ್ ಸೀ ತಂಡ 2012ರ ಮೊದಲ ಆಲ್ಬಮ್ಮಿನಲ್ಲಿ ಹಿಡಿದದ್ದು ಬ್ಲ್ಯಾಕ್ ಸಬ್ಬತ್ ಕಾಲದ ಭಾರದ ನಡೆಯನ್ನು. ಮೈಂಡ್‌ಸ್ನೇರ್ ತಂಡ ಮಾತ್ರ ಬೇರೆ ದಿಕ್ಕಿಗೆ ಮುಖ ಮಾಡಿತ್ತು. ಯಾಸ್ಮಿನ್ ಕ್ಲೇರ್ ಡ್ರಮ್ ಬಾರಿಸಿದ ಅದರ 2007ರ ‘ಕಂಡಿಷನ್ಡ್: ಹ್ಯೂಮನ್’ ಆಧುನಿಕ ಡೆತ್ ಮೆಟಲ್ಲಿನ ಬಿಗಿಯಾದ ಕೃತಿ.

ಈಗ ಹಳೆಯ ನಾದದ ವ್ಯಾಪಾರ ಎರಡೂ ದಿಕ್ಕಿಗೆ ಹರಿಯುತ್ತಿದೆ. ಮುಂಬಯಿಯ ಟ್ರಾನ್ಸೆಂಡಿಂಗ್ ಅಬ್ಸ್‌ಕ್ಯೂರಿಟಿ ಸಂಸ್ಥೆ ಸ್ವೀಡನ್ನಿನ ಪಗನೈಸರ್ ಮುಂತಾದ ತಂಡಗಳ ಆಲ್ಬಮ್‌ಗಳನ್ನು ಹೊರತಂದು ಜಗತ್ತಿಗೆ ಮಾರುತ್ತದೆ. ಒಂದು ಕಾಲಕ್ಕೆ ಮೂರನೆಯ ಪ್ರತಿಯ ಮಸುಕು ಕ್ಯಾಸೆಟ್ಟಿನಲ್ಲಿ ಸ್ಟಾಕ್‌ಹೋಮಿನ ಸದ್ದನ್ನು ಕಿವಿಗೊಟ್ಟು ಕೇಳುತ್ತಿದ್ದ ದೇಶದಿಂದ ಇಂದು ಸ್ವೀಡಿಶ್ ಡೆತ್ ಮೆಟಲ್ಲಿನ ಹೊಸ ಮುದ್ರಿಕೆಗಳು ಯುರೋಪಿನ ಕೇಳುಗರ ಮನೆಬಾಗಿಲಿಗೆ ಹೋಗುತ್ತಿವೆ.